ಹಸಿರಾದರೆ ಸಾಲ ತೀರಿತೇ?



"ಮಾಡಿದ್ದುಣ್ಣೋ ಮಹರಾಯ" ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರೂ ಇರಲಾರರು. ಅಜ್ಜಿ ಹೇಳುತ್ತಿದ್ದರು, ಮೇಷ್ಟರು ಹೇಳುತ್ತಿದ್ದರು, ಈಗ ನಾವು ನಮ್ಮ ಮಕ್ಕಳಿಗೆ ಹೇಳುತ್ತೇವೆ. ಕೇಳಲು ಬಹಳ ನ್ಯಾಯವಾದ ಮಾತು. ಆದರೆ ಮಾಡಿದವನೊಬ್ಬ, ಉಣ್ಣುವವನು ಇನ್ನೊಬ್ಬ ಆದರೆ? ಮಾಡಿದವನು ಕೈ ತೊಳೆದು ಎದ್ದು ಹೋದ ಮೇಲೂ ಎಲೆಯ ಮೇಲಿದ್ದದ್ದು ಹಾಗೇ ಉಳಿದರೆ? ಆ ಎಲೆಯ ಸುತ್ತ ಹುಲ್ಲು ಚಿಗುರಿ, ಹೂವರಳಿ, ಹಕ್ಕಿ ಬಂದು ಕೂತರೆ, ಆಗ ಲೆಕ್ಕ ಚುಕ್ತಾ ಆಯಿತು ಎನ್ನಬಹುದೇ? ಇದು ಬರೀ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ನಮ್ಮ ಡೆನ್ವರ್ ಊರಿನ ಮಗ್ಗುಲಲ್ಲೇ ಇರುವ ಒಂದು ಜಾಗ ಈ ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟುಕೊಂಡು ಕೂತಿದೆ.

ಊರಿಗೂ ಏರ್‌ಪೋರ್ಟಿಗೂ ನಡುವೆ ಹಬ್ಬಿರುವ ರಾಕಿ ಮೌಂಟನ್ ಆರ್ಸೆನಲ್ ವನ್ಯಜೀವಿಧಾಮವನ್ನು ನಮ್ಮ ಬಹುತೇಕ ಕುಟುಂಬಗಳು ಬಲ್ಲವು. ಸುಮಾರು 15,000 ಎಕರೆಯ ಹುಲ್ಲುಗಾವಲು. ಪ್ರವೇಶಶುಲ್ಕ ಇಲ್ಲ. ಕಾರಿನಲ್ಲಿ ಕೂತೇ 11 ಮೈಲಿ ಸುತ್ತಿಬರಬಹುದಾದ್ದರಿಂದ, ಊರಿನಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವಂದಿರಿಗೆ ಮಂಡಿನೋವಿನ ತಾಪತ್ರಯವಿಲ್ಲದೆ ತೋರಿಸಲು ಇದಕ್ಕಿಂತ ಅನುಕೂಲದ ಜಾಗ ಸಿಗುವುದು ಕಷ್ಟ. ಬೈಸನ್ ಹಿಂಡು, ಜಿಂಕೆ, ಹದ್ದು, ಬಿಲದ ಬಾಯಲ್ಲಿ ನಿಂತು ಕೀಚುಗುಟ್ಟುವ ಪ್ರೇರಿ ಡಾಗ್ (ಹೆಸರು ನಾಯಿಯಾದರೂ ಜಾತಿ ಅಳಿಲಿನದು), ಹಿಂದೆ ಹಿಮ ಹೊದ್ದ ಬೆಟ್ಟಸಾಲು. 330ಕ್ಕೂ ಹೆಚ್ಚು ಬಗೆಯ ಪ್ರಾಣಿಪಕ್ಷಿಗಳು ಇಲ್ಲಿವೆ ಎನ್ನುತ್ತಾರೆ. ನೋಡಿದವರೆಲ್ಲ "ಎಂಥಾ ಚೆಂದ!" ಎನ್ನುವುದು ಸಹಜ.

ಆದರೆ ಹೆಸರಿನಲ್ಲೇ ಕಥೆ ಇದೆ. ಆರ್ಸೆನಲ್ ಎಂದರೆ ಶಸ್ತ್ರಾಗಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಲ್ಲಿ, ಇಲ್ಲಿ ಬೇಸಾಯ ಮಾಡಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಿ ಅಮೆರಿಕದ ಸೈನ್ಯ ಈ ನೆಲವನ್ನು ತೆಗೆದುಕೊಂಡಿತು. ಮಸ್ಟರ್ಡ್ ಗ್ಯಾಸ್, ನಪಾಮ್ ಬಾಂಬುಗಳು ಇಲ್ಲಿ ತಯಾರಾದವು. 1950ರ ದಶಕದಲ್ಲಿ, ಬಹಳ ಕಡಿಮೆ ಪ್ರಮಾಣದಲ್ಲೂ ಜೀವ ತೆಗೆಯಬಲ್ಲ ಸಾರಿನ್ ಎಂಬ ನರವಿಷ ತಯಾರಾಯಿತು. ಯುದ್ಧ ಮುಗಿದ ಮೇಲೆ ಖಾಲಿ ಬಿದ್ದ ಕಟ್ಟಡಗಳನ್ನು ಖಾಸಗಿ ಕಂಪನಿಗಳಿಗೆ ಬಾಡಿಗೆಗೆ ಕೊಟ್ಟರು. 1947ರಲ್ಲಿ ಜೂಲಿಯಸ್ ಹೈಮನ್ ಎಂಬ ರಸಾಯನಶಾಸ್ತ್ರಜ್ಞರ ಕಂಪನಿ ಬಂತು. 1952ರಲ್ಲಿ ಅದನ್ನು ಶೆಲ್ ವಹಿಸಿಕೊಂಡಿತು. ಆಲ್ಡ್ರಿನ್, ಡೀಲ್ಡ್ರಿನ್ ಮುಂತಾದ ಕೀಟನಾಶಕಗಳು 1982ರವರೆಗೆ ಇಲ್ಲಿಂದ ಹೊರಟು ಲೋಕದ ಹೊಲಗಳಿಗೆ ಸೇರಿದವು.

ಮಾಲು ಹೊರಗೆ ಹೋಯಿತು, ಕಶ್ಮಲ ಒಳಗೇ ಉಳಿಯಿತು. ಮೊದಮೊದಲು ಕೊಳೆನೀರನ್ನು ತಳಕ್ಕೆ ಏನೂ ಹಾಸದ ಹಳ್ಳಗಳಿಗೆ ಬಿಡುತ್ತಿದ್ದರು. ಅದು ಮೆಲ್ಲಗೆ ಇಂಗಿ ಅಂತರ್ಜಲ ಸೇರಿತು. 1954ರಲ್ಲಿ ಉತ್ತರದ ಕಡೆಯ ರೈತರು, ಬಾವಿನೀರು ಹಾಯಿಸಿದರೆ ಪೈರು ಸಾಯುತ್ತಿದೆ ಎಂದು ದೂರು ಕೊಟ್ಟರು. 1956ರಲ್ಲಿ 93 ಎಕರೆಯ ಇನ್ನೊಂದು ಕೆರೆ ಕಟ್ಟಿ ತಳಕ್ಕೆ ಡಾಂಬರು ಹಾಸಿದರು. ಅದೂ ಶಾಶ್ವತವಾಗಿ ತಡೆಯಲಿಲ್ಲ. ನೀರೆಂದು ನಂಬಿ ಇಳಿದ ಬಾತುಕೋಳಿಗಳು ಸತ್ತು ತೇಲಿದವು.

ಆಮೇಲೆ ಇನ್ನೊಂದು ಉಪಾಯ ಹೊಳೆಯಿತು: ಕಣ್ಣಿಗೆ ಕಾಣದಷ್ಟು ಆಳಕ್ಕೆ ಕಳಿಸಿಬಿಡೋಣ! 1961ರಲ್ಲಿ 12,000 ಅಡಿಗೂ ಆಳದ ಬಾವಿ ಕೊರೆದು, 1962ರಿಂದ ಕೊಳೆನೀರನ್ನು ಒತ್ತಡದಿಂದ ಭೂಮಿಯೊಳಕ್ಕೆ ತುಂಬತೊಡಗಿದರು. ಕೆಲವೇ ವಾರಗಳಲ್ಲಿ ಡೆನ್ವರಿನಲ್ಲಿ ಭೂಮಿ ನಡುಗಲು ಶುರುವಾಯಿತು. ಬಾವಿಗೆ ನೀರು ಹೆಚ್ಚು ತುಂಬಿದ ಕಾಲದಲ್ಲಿ ನಡುಕವೂ ಹೆಚ್ಚುತ್ತದೆ ಎಂಬುದನ್ನು ಡೇವಿಡ್ ಎವನ್ಸ್ ಎಂಬ ಭೂವಿಜ್ಞಾನಿ 1965ರಲ್ಲಿ ಬಹಿರಂಗವಾಗಿ ತೋರಿಸಿಕೊಟ್ಟರು. 1966ರ ಫೆಬ್ರವರಿಯಲ್ಲಿ ತುಂಬುವುದನ್ನು ನಿಲ್ಲಿಸಿದರು. ಆದರೆ ಎಲ್ಲಕ್ಕಿಂತ ದೊಡ್ಡ ಕಂಪನಗಳು ಬಂದದ್ದು 1967ರಲ್ಲಿ, ಅಂದರೆ ನಿಲ್ಲಿಸಿದ ಮೇಲೆ! ಕೈ ನಿಂತರೂ ಕರ್ಮ ನಿಲ್ಲುವುದಿಲ್ಲ ಎನ್ನಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಯಾವ ಪುರಾಣದಲ್ಲೂ ಸಿಗದು.

ಇನ್ನು ಕಥೆಯ ತಿರುವು. ಇಷ್ಟೆಲ್ಲ ನಡೆಯುತ್ತಿದ್ದಾಗ ಬೇಲಿಯ ಅಂಚಿನ ಸಾವಿರಾರು ಎಕರೆ ನೆಲ ಕಾವಲು ಜಾಗವಾಗಿ ಸುಮ್ಮನೆ ಬಿದ್ದಿತ್ತು. ಒಳಗೆ ಯಾರೂ ಬರುವಂತಿರಲಿಲ್ಲ. ಹೊರಗೆ ಡೆನ್ವರ್ ಬೆಳೆಯಿತು. ಮನೆ, ಮಾಲ್, ರಸ್ತೆ, ಪಾರ್ಕಿಂಗ್ ಲಾಟುಗಳು ಎದ್ದವು. ಒಳಗೆ ಹುಲ್ಲು ಬೆಳೆಯಿತು. 1986ರ ಚಳಿಗಾಲದಲ್ಲಿ ಇಲ್ಲಿನ ಮರಗಳ ಮೇಲೆ ಬಾಲ್ಡ್ ಈಗಲ್ ಹಕ್ಕಿಗಳು ಗುಂಪಾಗಿ ರಾತ್ರಿ ತಂಗುತ್ತಿರುವುದು ಕಂಡುಬಂತು. ಈ ದೇಶದ ಲಾಂಛನದಲ್ಲಿರುವ ಹಕ್ಕಿ, ಆಗ ಅಳಿವಿನ ಅಂಚಿನಲ್ಲಿದ್ದ ಹಕ್ಕಿ, ಕೀಟನಾಶಕಗಳಿಂದಲೇ ಸಂತಾನ ಕಳೆದುಕೊಂಡಿದ್ದ ಹಕ್ಕಿ, ಬಂದು ಕೂತದ್ದು ಕೀಟನಾಶಕ ತಯಾರಿಸಿದ ಅಂಗಳದಲ್ಲಿ. 1987ರಲ್ಲಿ ಸರ್ಕಾರ ಈ ಜಾಗವನ್ನು ದೇಶದ ಅತಿ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಿತು. 1992ರಲ್ಲಿ ಅದೇ ಜಾಗವನ್ನು ವನ್ಯಜೀವಿಧಾಮ ಮಾಡಬೇಕೆಂದು ಕಾಂಗ್ರೆಸ್ ಕಾನೂನು ಮಾಡಿತು. ಶುದ್ಧೀಕರಣ 2010ರಲ್ಲಿ ಮುಗಿಯಿತು. ವೆಚ್ಚ ಸುಮಾರು 210 ಕೋಟಿ ಡಾಲರ್. 2007ರಲ್ಲಿ ಮೊಂಟಾನಾದಿಂದ 16 ಬೈಸನ್ ತಂದು ಬಿಟ್ಟರು, ಈಗ ಅದು ದೊಡ್ಡ ಹಿಂಡಾಗಿದೆ. 2015ರಲ್ಲಿ ನಮ್ಮ ಮುಂಗುಸಿಯನ್ನು ನೆನಪಿಗೆ ತರುವ, ಪ್ರಪಂಚದಲ್ಲೇ ಅತಿ ವಿರಳವಾದ ಕಪ್ಪುಕಾಲಿನ ಫೆರೆಟ್‌ಗಳನ್ನು ತಂದು ಬಿಟ್ಟರು.

ಈ ಕಥೆಯನ್ನು ನಮ್ಮ ಕೂಟದ ಸ್ನೇಹಿತರ ನಡುವೆ ಮಾತಿಗೆ ಎತ್ತಿಕೊಂಡಾಗಲೆಲ್ಲ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ.

ಮೊದಲ ಪಕ್ಷದವರು ಹೇಳುತ್ತಾರೆ: "ಪ್ರಕೃತಿ ಮಾತೆ ಕ್ಷಮಿಸಿದ್ದಾಳೆ. ಹದ್ದು ಬಂತು, ಬೈಸನ್ ಬಂತು, ಇನ್ನೇನು ಬೇಕು? ಗಾಯ ಮಾಯ್ದ ಮೇಲೆ ಹಕ್ಕಳೆ ಕೀಳುವುದೇಕೆ? ವಿಷ ಇಲ್ಲದಿದ್ದರೆ ಬೇಲಿ ಇರುತ್ತಿರಲಿಲ್ಲ, ಬೇಲಿ ಇಲ್ಲದಿದ್ದರೆ ಇಲ್ಲೂ ಮನೆಗಳೇ ಏಳುತ್ತಿದ್ದವು. ಒಂದು ಲೆಕ್ಕದಲ್ಲಿ ಕೆಟ್ಟದ್ದೇ ಒಳ್ಳೆಯದಾಯಿತು."

ಎರಡನೆಯ ಪಕ್ಷದವರು ಹೇಳುತ್ತಾರೆ: "ಇದೆಲ್ಲ ಕಣ್ಣೊರೆಸುವ ತಂತ್ರ. ಮನುಷ್ಯರು ವಾಸಿಸುವಷ್ಟು ಶುದ್ಧ ಮಾಡುವುದು ದುಬಾರಿ, ಆದ್ದರಿಂದ ಪ್ರಾಣಿಗಳಿಗೆ ಬಿಟ್ಟುಕೊಟ್ಟರು. ಮೇಲೆ ಹಸಿರು ಶಾಲು ಹೊದಿಸಿದರೆ ಕೆಳಗಿನ ಹೆಣ ಎದ್ದು ಕೂರುತ್ತದೆಯೇ?"

ಎರಡರಲ್ಲೂ ಸ್ವಲ್ಪ ನಿಜವಿದೆ. ಎರಡೂ ಪೂರ್ತಿ ನಿಜವಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು "ಕೆಟ್ಟದ್ದೇ ಒಳ್ಳೆಯದಾಯಿತು" ಎಂಬುದನ್ನು ನೋಡೋಣ. ಮನೆಗೆ ಬೆಂಕಿ ಬಿದ್ದು ಸುಟ್ಟುಹೋಯಿತು ಎಂದಿಟ್ಟುಕೊಳ್ಳಿ. ಆ ಬೂದಿ ಹಿತ್ತಲಿನ ತೆಂಗಿನ ಗಿಡಕ್ಕೆ ಗೊಬ್ಬರವಾಗಿ ಗೊನೆ ಬಿಟ್ಟಿತು. ತೆಂಗಿನಕಾಯಿ ನಿಜ, ಅದರ ರುಚಿಯೂ ನಿಜ. ಆದರೆ ಬೆಂಕಿ ಹಚ್ಚಿದವನು ಬಂದು "ನೋಡಿ, ನನ್ನಿಂದ ನಿಮಗೆ ಕಾಯಿ ಸಿಕ್ಕಿತು" ಎಂದರೆ ಯಾರಾದರೂ ಒಪ್ಪುತ್ತೇವೆಯೇ? ಒಳ್ಳೆಯದು ಆದದ್ದು ಬೇರೆ, ಒಳ್ಳೆಯದು ಮಾಡಿದ್ದು ಬೇರೆ. ಆರ್ಸೆನಲ್ಲಿನ ಬೇಲಿಯನ್ನು ಹದ್ದಿಗಾಗಿ ಯಾರೂ ಹಾಕಲಿಲ್ಲ. ಆದ್ದರಿಂದ ಆ ಪುಣ್ಯವನ್ನು ಯಾರ ಖಾತೆಗೂ ಜಮಾ ಮಾಡುವಂತಿಲ್ಲ.

ಇನ್ನು "ಪ್ರಕೃತಿ ಕ್ಷಮಿಸಿತು" ಎಂಬ ಮಾತು. ನಮ್ಮ ದನ ಪಕ್ಕದ ಮನೆಯವರ ಹೊಲಕ್ಕೆ ನುಗ್ಗಿ ಪೈರು ಮೇಯ್ದರೆ, ಕ್ಷಮಿಸಬೇಕಾದವರು ಪಕ್ಕದ ಮನೆಯವರು. ಮುಂದಿನ ಮಳೆಗೆ ಮತ್ತೆ ಚಿಗುರಿದ ಪೈರಲ್ಲ. ಹುಲ್ಲು ಚಿಗುರುವುದು ಅದರ ಸ್ವಭಾವ. ಅದಕ್ಕೆ ನಮ್ಮ ಮೇಲೆ ಕೋಪವೂ ಇಲ್ಲ, ಕರುಣೆಯೂ ಇಲ್ಲ. ಇಲ್ಲಿ ನಿಜವಾಗಿ ನೊಂದವರು ಯಾರು? 1942ರಲ್ಲಿ ಹೊಲಮನೆ ಬಿಟ್ಟು ಹೋದ ರೈತರು. ಬಾವಿನೀರು ಕೆಟ್ಟ ಉತ್ತರದ ಊರುಗಳವರು. ಕಾರ್ಖಾನೆಗಳಲ್ಲಿ ದುಡಿದ ಕೆಲಸಗಾರರು. ಅವರೆಲ್ಲರಿಗಿಂತ ಮೊದಲು, ಬೈಸನ್ ಹಿಂಡುಗಳೊಂದಿಗೆ ಈ ಬಯಲಿನಲ್ಲಿ ಬಾಳಿದ ಅರಪಾಹೋ, ಶಯೆನ್ ಜನರು. ಇವರಲ್ಲಿ ಬಹುಮಂದಿ ಈಗ ಇಲ್ಲ. ಅವರ ಪರವಾಗಿ ಕ್ಷಮಾಪತ್ರಕ್ಕೆ ಸಹಿ ಹಾಕುವ ಅಧಿಕಾರವನ್ನು ಹದ್ದಿಗೆ ಕೊಟ್ಟವರಾರು? ಪ್ರಕೃತಿಯ ಹೆಸರಿನಲ್ಲಿ ನಾವೇ ನಮ್ಮನ್ನು ಕ್ಷಮಿಸಿಕೊಂಡರೆ ಅದು ಕ್ಷಮೆಯಲ್ಲ, ಮರೆವು.

ಹಾಗಾದರೆ ಎರಡನೆಯ ಪಕ್ಷವೇ ಸರಿಯೇ? ಎಲ್ಲವೂ ಬೂಟಾಟಿಕೆಯೇ? ಅದನ್ನೂ ಒಪ್ಪಲು ಮನಸ್ಸು ಬರುವುದಿಲ್ಲ. ಏಕೆಂದರೆ ಕಣ್ಣಿಗೆ ಕಾಣದ ಒಂದು ಕೆಲಸ ಇಲ್ಲಿ ನಡೆದಿದೆ, ಇಂದಿಗೂ ನಡೆಯುತ್ತಿದೆ. ಧಾಮದ ನಡುವೆ ಸುಮಾರು ಸಾವಿರ ಎಕರೆ ಸೈನ್ಯದ ವಶದಲ್ಲೇ ಉಳಿದಿದೆ. ಅಗೆದು ತೆಗೆದ ವಿಷಮಣ್ಣು, ಒಡೆದ ಕಟ್ಟಡಗಳ ಅವಶೇಷ ಅಲ್ಲಿ ಹೂತಿವೆ. ಮೇಲೆ ದಪ್ಪನಾಗಿ ಮಣ್ಣು ಹಾಕಿ ಹುಲ್ಲು ಬೆಳೆಸಿದ್ದಾರೆ. ಪ್ರೇರಿ ಡಾಗ್‌ಗಳು ಬಿಲ ತೋಡಿ ಒಳಗಿನದನ್ನು ಹೊರಗೆ ಹಾಕದಂತೆ ಮಣ್ಣಿನ ಕೆಳಗೆ ಒಡೆದ ಕಾಂಕ್ರೀಟಿನ ಪದರವಿದೆ. ಗಡಿಯಲ್ಲಿ ಪಂಪುಗಳು ಅಂತರ್ಜಲವನ್ನು ಮೇಲೆತ್ತಿ, ಸೋಸಿ, ಮತ್ತೆ ಒಳಗೆ ಬಿಡುತ್ತವೆ. 1970ರ ದಶಕದ ಕೊನೆಯಲ್ಲಿ ಶುರುವಾದ ಈ ಕೆಲಸ ಇನ್ನೂ ನಿಂತಿಲ್ಲ. ಇಲ್ಲಿ ಮನೆ ಕಟ್ಟುವಂತಿಲ್ಲ, ಬೇಸಾಯ ಮಾಡುವಂತಿಲ್ಲ, ಕೆಳಗಿನ ನೀರು ಕುಡಿಯುವಂತಿಲ್ಲ, ಹಿಡಿದ ಮೀನನ್ನು ತಿನ್ನುವಂತಿಲ್ಲ. 2010ರಲ್ಲಿ ಮುಗಿದದ್ದು ಅಗೆಯುವ, ಮುಚ್ಚುವ ಕೆಲಸ. ಕಾಯುವ ಕೆಲಸಕ್ಕೆ ಮುಗಿಯುವ ತಾರೀಖು ಇಲ್ಲ.

ನಮ್ಮ ಹಿರಿಯರು ಪ್ರಾಯಶ್ಚಿತ್ತ ಎಂಬ ಮಾತನ್ನು ಬಳಸುತ್ತಿದ್ದರು. ಶಾಸ್ತ್ರದ ವಿವರ ಬೇಡ, ಮನೆಮಾತಿನ ಅರ್ಥವನ್ನೇ ತೆಗೆದುಕೊಳ್ಳೋಣ. ಅದರಲ್ಲಿ ನಾಲ್ಕು ಅಂಶಗಳಿವೆ: ತಪ್ಪನ್ನು ಒಪ್ಪಿಕೊಳ್ಳುವುದು, ಕೈಯಿಂದ ತೆರುವುದು, ಮತ್ತೆ ಮಾಡದಿರುವುದು, ಉಳಿದದ್ದನ್ನು ಕೊನೆತನಕ ನೋಡಿಕೊಳ್ಳುವುದು. ಈ ನಾಲ್ಕು ಅಳತೆಗೋಲುಗಳಿಂದ ಅಳೆದರೆ ಆರ್ಸೆನಲ್ ಎಷ್ಟು ಪಾಸು, ಎಷ್ಟು ಫೇಲು?

ಒಪ್ಪಿಕೊಂಡರೇ? ಶುದ್ಧೀಕರಣದ ಖರ್ಚನ್ನು ತನ್ನ ವಿಮಾ ಕಂಪನಿಗಳು ಕೊಡಬೇಕೆಂದು ಶೆಲ್ ಕ್ಯಾಲಿಫೋರ್ನಿಯಾದಲ್ಲಿ ದಾವೆ ಹೂಡಿತು. ವಿಮೆ ಇರುವುದು ಅನಿರೀಕ್ಷಿತ ಅಪಘಾತಕ್ಕೆ. ಹೀಗಾಗುತ್ತದೆಂದು ಗೊತ್ತಿದ್ದೂ ಮಾಡಿದ್ದಕ್ಕಲ್ಲ. 1988ರಲ್ಲಿ ಜ್ಯೂರಿ ವಿಮಾ ಕಂಪನಿಗಳ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಿಗೆ ತಾನಾಗಿ ಬಾಯಿಂದ ಬರದಿದ್ದಾಗ ನ್ಯಾಯಾಲಯ ಹೇಳಬೇಕಾಯಿತು.

ತೆತ್ತವರು ಯಾರು? 1989ರ ಒಪ್ಪಂದದ ಪ್ರಕಾರ ಮೊದಲ 50 ಕೋಟಿ ಡಾಲರಿನಲ್ಲಿ ಸೈನ್ಯ ಮತ್ತು ಶೆಲ್ ಅರ್ಧರ್ಧ. ಮುಂದಿನ 20 ಕೋಟಿಯಲ್ಲಿ ಸೈನ್ಯಕ್ಕೆ ನೂರಕ್ಕೆ 65, ಶೆಲ್‌ಗೆ 35. ಆಮೇಲಿನದರಲ್ಲಿ ಸೈನ್ಯಕ್ಕೆ 80, ಶೆಲ್‌ಗೆ 20. ಸೈನ್ಯದ ಹಣ ಎಂದರೆ ತೆರಿಗೆಯ ಹಣ. ಪ್ರತಿ ಏಪ್ರಿಲ್ ತಿಂಗಳಲ್ಲಿ ನಾವು ನೀವು ಗೊಣಗುತ್ತ ಕಟ್ಟುವ ಹಣ! 1942ರಲ್ಲಿ ನಮ್ಮ ತಾತಂದಿರು ಹಾಸನದಲ್ಲೋ ಧಾರವಾಡದಲ್ಲೋ ಇದ್ದರು. ಈ ಬಾಂಬಿಗೂ ಅವರಿಗೂ ಸಂಬಂಧವಿರಲಿಲ್ಲ. ಆದರೂ ಮೊಮ್ಮಕ್ಕಳಾದ ನಾವು ಅದರ ಕಂತು ಕಟ್ಟುತ್ತಿದ್ದೇವೆ. "ಇದು ಅನ್ಯಾಯ" ಎಂದು ಮೊದಲು ಅನ್ನಿಸುತ್ತದೆ. ಆದರೆ ಯೋಚಿಸಿದರೆ, ಈ ದೇಶದ ರಸ್ತೆ, ಶಾಲೆ, ಲೈಬ್ರರಿಗಳನ್ನೂ ನಾವು ಕಟ್ಟಲಿಲ್ಲ. ಆದರೂ ಹಕ್ಕಿನಿಂದ ಬಳಸುತ್ತೇವೆ. ತುಂಬಿದ ಮನೆಗೆ ಸೊಸೆಯಾಗಿ ಬಂದವಳು ಒಡವೆಯಲ್ಲಿ ಮಾತ್ರ ಪಾಲು, ಸಾಲದಲ್ಲಿಲ್ಲ ಎನ್ನಲಾಗುವುದಿಲ್ಲ. ಬಂದ ನೆಲ ನಮ್ಮದೆಂದ ಮೇಲೆ ಅದರ ಋಣವೂ ನಮ್ಮದೇ. ಆದರೆ ಸಾಲ ಮಾಡಿದ ಹಿರಿಮಗನ ಹೆಸರನ್ನು ಕಡತದಿಂದ ಅಳಿಸಬಾರದು, ಅಷ್ಟೆ.

ಮತ್ತೆ ಮಾಡದಿದ್ದರೇ? ಇದು ಕನ್ನಡಿಗರಾದ ನಮಗೆ ಹೆಚ್ಚು ನೋಯುವ ಅಂಶ. ಆಲ್ಡ್ರಿನ್, ಡೀಲ್ಡ್ರಿನ್‌ಗಳ ಬಹುತೇಕ ಬಳಕೆಯನ್ನು ಅಮೆರಿಕ 1974ರಲ್ಲಿ ನಿಲ್ಲಿಸಿತು. ಆದರೆ ಅದೇ ರಾಸಾಯನಿಕ ಕುಟುಂಬಕ್ಕೆ ಸೇರಿದ ಎಂಡೋಸಲ್ಫಾನ್ ಲೋಕದಲ್ಲಿ ಓಡಾಡುತ್ತಲೇ ಇತ್ತು. ದಕ್ಷಿಣ ಕನ್ನಡದ ಸರ್ಕಾರಿ ಗೇರುತೋಟಗಳ ಮೇಲೆ 1980ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದರು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ ಮತ್ತು ಸುತ್ತಲ ಹಳ್ಳಿಗಳಲ್ಲಿ ಅಂಗವೈಕಲ್ಯ, ಬುದ್ಧಿಮಾಂದ್ಯದಿಂದ ನರಳುವ ಮಕ್ಕಳ ತಾಯಂದಿರ ಗೋಳನ್ನು ಊರಿನ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. 2011ರಲ್ಲಿ ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಾದ್ಯಂತ ತಡೆಯಿತು. ನೊಂದವರಿಗೆ ಸರ್ಕಾರ ಮಾಸಾಶನ ಕೊಡುತ್ತಿದೆ. ಗೇರುಗುಡ್ಡಗಳು ಈಗಲೂ ಹಸಿರಾಗಿಯೇ ಇವೆ. ಮಳೆಗಾಲದಲ್ಲಿ ನೋಡಿದರೆ ಸ್ವರ್ಗ. ಆ ಹಸಿರನ್ನು ತೋರಿಸಿ "ಎಲ್ಲ ಸರಿಹೋಯಿತು" ಎಂದು ಕೊಕ್ಕಡದ ಒಬ್ಬ ತಾಯಿಯ ಮುಂದೆ ಹೇಳುವ ಧೈರ್ಯ ನಮಗಿದೆಯೇ? ಅಲ್ಲಿ ಹೇಳಲಾಗದ ಮಾತನ್ನು ಇಲ್ಲಿಯೂ ಹೇಳಬಾರದು.

ಕುದುರೆಮುಖದ ಮಾತೂ ಹೀಗೆಯೇ. ಭದ್ರಾ ನದಿ ಹುಟ್ಟುವ ಸೀಮೆಯಲ್ಲಿ ನಡೆದ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಗೆ ನಿಂತಿತು. ಬೆಟ್ಟ ಮತ್ತೆ ಹಸಿರು ಉಟ್ಟಿದೆ, ಸುತ್ತ ರಾಷ್ಟ್ರೀಯ ಉದ್ಯಾನವಿದೆ. ಆದರೆ ಲಕ್ಯಾ ಅಣೆಕಟ್ಟಿನ ಹಿಂದೆ ಗಣಿಯ ಕೆಸರು ಹಾಗೇ ನಿಂತಿದೆ. ಅದನ್ನು ಯಾರಾದರೂ ಕಾಯುತ್ತಲೇ ಇರಬೇಕು. ರಜೆಗೆ ಊರಿಗೆ ಹೋದಾಗ ಕಳಸ, ಹೊರನಾಡು ಕಡೆಗೆ ಕಾರಿನಲ್ಲಿ ಹೋಗುವವರು ಬೆಟ್ಟದ ಜೊತೆಗೆ ಈ ಅಣೆಕಟ್ಟನ್ನೂ ನೆನೆಯಬೇಕು.

ಇನ್ನು ನಾಲ್ಕನೆಯದು, ಕೊನೆತನಕ ನೋಡಿಕೊಳ್ಳುವುದು. ನಮಗೆ ಭರವಸೆ ಕಾಣುವುದು ಇಲ್ಲಿಯೇ. ಕೆಲವು ಸಾಲಗಳು ತೀರುವಂಥವಲ್ಲ. ತಾಯಿಯ ಋಣ ತೀರುವುದಿಲ್ಲ ಎನ್ನುತ್ತೇವೆ. ಆದರೆ ತೀರದೆಂದು ಯಾವ ಒಳ್ಳೆಯ ಮಗನೂ ಮಗಳೂ ತಾಯಿಯನ್ನು ನೋಡಿಕೊಳ್ಳುವುದನ್ನು ಬಿಡುವುದಿಲ್ಲ. ದಿನದಿನದ ಸೇವೆಯೇ ಅಲ್ಲಿ ಮರುಪಾವತಿ. ಕೆಡಿಸಿದ ನೆಲದ ಋಣವೂ ಇದೇ ಜಾತಿಯದು. ಆದ್ದರಿಂದ ಆರ್ಸೆನಲ್ಲಿನಲ್ಲಿ ನಿಜವಾಗಿ ಕೈಮುಗಿಯಬೇಕಾದದ್ದು ಹದ್ದಿಗಲ್ಲ, ಬೈಸನ್‌ಗೂ ಅಲ್ಲ. ಯಾರೂ ಫೋಟೋ ತೆಗೆಯದ ಆ ಪಂಪಿಗೆ, ಅದರ ನೀರನ್ನು ಪರೀಕ್ಷೆ ಮಾಡುವ ಕೆಲಸಗಾರರಿಗೆ. 2000 ಮತ್ತು 2001ರಲ್ಲಿ ಇಲ್ಲಿನ ಗುಜರಿ ರಾಶಿಯಲ್ಲಿ ಚಕ್ಕೋತದ ಗಾತ್ರದ ಹತ್ತು ಸಾರಿನ್ ಬಾಂಬುಗಳು ಸಿಕ್ಕವು. ಸಿಕ್ಕದ್ದು ಏಕೆ? ಹುಡುಕುವವರು ಇದ್ದದ್ದರಿಂದ. "ಎಲ್ಲ ಹಸಿರಾಗಿದೆ, ಇನ್ನೇನು" ಎಂದು ಎದ್ದು ಹೋಗಿದ್ದರೆ ಅವು ಯಾರ ಕಾಲಿಗೆ ಸಿಕ್ಕುತ್ತಿದ್ದವೋ!

ಇಲ್ಲಿಯೇ ಅಪಾಯವೂ ಇದೆ. ನೋಡಲು ಚೆಂದವಾದಷ್ಟೂ ಮರೆವು ಸುಲಭ. ಜಾಗ ಕೊಳಕಾಗಿದ್ದಾಗ ಯಾರೂ ಮರೆಯುತ್ತಿರಲಿಲ್ಲ. ಇನ್ನು ಐವತ್ತು ವರ್ಷದ ಮೇಲೆ, ಬಜೆಟ್ ಕಡಿತದ ಕಾಲ ಬಂದು, "ಇಷ್ಟು ಸುಂದರವಾದ ಜಾಗಕ್ಕೆ ಪಂಪು ಏಕೆ, ಪರೀಕ್ಷೆ ಏಕೆ?" ಎಂದು ಯಾರಾದರೂ ಕೇಳಿದರೆ ಉತ್ತರ ಕೊಡಬೇಕಾದವರು ಯಾರು? ಇಂದು ಹಿಂದಿನ ಸೀಟಿನಲ್ಲಿ ಕೂತು "ಬೈಸನ್, ಬೈಸನ್" ಎಂದು ಕೂಗುವ ನಮ್ಮ ಮಕ್ಕಳು. ಅವರಿಗೆ ನಾವು ಅರ್ಧ ಕಥೆ ಹೇಳಿದರೆ ಅವರು ಅರ್ಧ ಉತ್ತರವನ್ನೇ ಕೊಡುತ್ತಾರೆ.

"ಮಕ್ಕಳಿಗೆ ಇದೆಲ್ಲ ಏಕೆ, ಪಾಪ, ಸಂತೋಷವಾಗಿ ನೋಡಲಿ ಬಿಡಿ" ಎನ್ನುವವರಿದ್ದಾರೆ. ಆದರೆ ಕಥೆಯ ಕಹಿ ಭಾಗ ಹೇಳಿದರೆ ಸಂತೋಷ ಕೆಡುವುದಿಲ್ಲ. ಯುಗಾದಿಯ ದಿನ ಬೆಲ್ಲದ ಜೊತೆ ಬೇವನ್ನೂ ಮಕ್ಕಳ ಬಾಯಿಗಿಡುವವರು ನಾವು. ಬೇವು ತಿಂದು ಯಾವ ಮಗುವಿನ ಹಬ್ಬವೂ ಕೆಟ್ಟಿಲ್ಲ. ಈ ಹುಲ್ಲಿನ ಕೆಳಗೆ ಏನಿದೆ, ಅದನ್ನು ಯಾರು ಹಾಕಿದರು, ಯಾರು ಕಾಯುತ್ತಿದ್ದಾರೆ ಎಂಬ ಮೂರು ಮಾತು ಹೇಳಲು ಐದು ನಿಮಿಷ ಸಾಕು. ನಮ್ಮಲ್ಲಿ ಇಂಜಿನಿಯರುಗಳು, ರಸಾಯನಶಾಸ್ತ್ರ ಓದಿದವರು, ಕಂಪನಿಗಳಲ್ಲಿ ದೊಡ್ಡ ಜವಾಬ್ದಾರಿಯಲ್ಲಿರುವವರು ಬಹಳ ಮಂದಿ. ಮಕ್ಕಳೂ ಅದೇ ದಾರಿ ಹಿಡಿಯುವವರು. "ಕಸ ಎಲ್ಲಿಗೆ ಹೋಗುತ್ತದೆ?" ಎಂದು ಮೀಟಿಂಗಿನಲ್ಲಿ ಕೇಳುವ ಒಬ್ಬ ಹುಡುಗಿ ಅಥವಾ ಹುಡುಗ ಆ ಐದು ನಿಮಿಷದಿಂದ ತಯಾರಾದರೆ, ಅದಕ್ಕಿಂತ ದೊಡ್ಡ ಪ್ರಾಯಶ್ಚಿತ್ತ ಇನ್ನೇನಿದೆ?

ಗಾದೆಗೆ ಮರಳುವುದಾದರೆ, ಮಾಡಿದವನೇ ಉಣ್ಣಬೇಕೆಂಬುದು ನ್ಯಾಯ. ಆದರೆ ಲೋಕದಲ್ಲಿ ಹಲವು ಸಲ ಉಣ್ಣಬೇಕಾದವರು ಪಕ್ಕದ ಎಲೆಯವರು, ಹಿಂದಿನ ಪಂಕ್ತಿಯವರು. ಹಸಿರು ಬಂದಿದೆ, ಸಂತೋಷ. ಸಾಲ ತೀರಿಲ್ಲ, ಅದೂ ನಿಜ. ಇವೆರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಕಷ್ಟವಾದರೂ ಆಗದ ಕೆಲಸವಲ್ಲ.

ನಮ್ಮ ಮಾತಿಗೆ ಒಪ್ಪದವರು ಖಂಡಿತ ಇರುತ್ತಾರೆ. ಅಂಥವರು ಮುಂದಿನ ಸಂಚಿಕೆಗೆ ತಮ್ಮ ಅಭಿಪ್ರಾಯವನ್ನು ಸಂಕೋಚವಿಲ್ಲದೆ ಬರೆದು ಕಳಿಸಬೇಕೆಂದು ಪ್ರಾರ್ಥನೆ.